ಎಡಬಾಗಿಲ ಹಿಡಿ

ಕೆಎ ಏಳು. ಜಿಲ್ಲೆ ಒಡೆಯುವ ಮುಂಚಿನ ನಂಬರು.
ಮಾರುತಿ ಎಂಟುನೂರು, ಬಿಳಿಯದು,
ಮೊನ್ನೆಯ ತನಕ ನೆತ್ತಿಯ ಮೇಲೆ ಬೋರ್ಡು ಹೊತ್ತದ್ದು.
ಇಪ್ಪತ್ತೆರಡು ವರ್ಷ ಚಿಂತಾಮಣಿಗೆ ಕ್ಲಚ್ಚು ಕಲಿಸಿ
ಈಗ ಹೊಂಗೆ ಮರದಡಿ
ಬಾಗಿಲು ನಾಲ್ಕೂ ಕಿವಿಯಂತೆ ಅಗಲಿಸಿ ನಿಂತಿದೆ.

ನಾಳೆ ಅಶ್ವತ್ಥಮ್ಮ ಬರುತ್ತಾಳೆ, ಅಂಗನವಾಡಿ ಸೂಪರ್‌ವೈಸರು.
ಇದರಲ್ಲೇ ಕಲಿತವಳು, ಇದನ್ನೇ ಕೊಂಡವಳು.
"ಇಂಜಿನ್ ನಂಗೆ ಗೊತ್ತು ಮಾಸ್ಟ್ರೇ,
ಒಳಗಡೆ ಒಂಚೂರು ನೋಡೋ ಹಂಗೆ ಮಾಡ್ಕೊಡಿ."

ಒಳಗಡೆ ನೋಡಿದೆ.
ದಿನಾ ಕೂರುತ್ತಿದ್ದೆ, ನೋಡಿರಲಿಲ್ಲ.
ಡ್ಯಾಶ್‌ಬೋರ್ಡು, ಒಲೆ ಆರಿದ ಮರುದಿನದ ಬೂದಿ.
ಗಾಳಿಕಿಂಡಿಯ ಪಟ್ಟಿಗಳ ನಡುವೆ ಕೋಲಾರ ರಸ್ತೆಯ ಕೆಮ್ಮಣ್ಣು,
ಒಂದು ಹುರಿಗಡಲೆ, ಯಾರದೋ ಓಲೆಯ ತಿರುಪು,
ಯಾವ ವರ್ಷದ್ದೋ ಟೊಮೇಟೊ ಬೀಜ.

ಒಂದು ರೂಪಾಯಿ ಶಾಂಪೂ, ಅರ್ಧ ಬಕೆಟ್ ನೀರು,
ಹಲ್ಲುಜ್ಜಿ ಬಿಸಾಕಿದ ಬ್ರಷ್ಷು.
ಬ್ರಷ್ಷೂ ಹೋಗದ ಸಂದಿಗೆ
ಊದುಬತ್ತಿ ಕಡ್ಡಿಗೆ ಸುತ್ತಿದ ಬನಿಯನ್ ಚೂರು.
ಮೊದಲನೇ ನೀರು ಡಿಕಾಕ್ಷನ್ನು, ಎರಡನೆಯದು ಟೀ,
ಮೂರನೆಯದು ನೀರುಮಜ್ಜಿಗೆ.
ನಾಲ್ಕನೆಯದನ್ನು ಮರದ ಬುಡಕ್ಕೆ ಹೊಯ್ದೆ.

ಸ್ಟಿಕ್ಕರ್ ಅಂಗಡಿ ಬಾಬಾಜಾನ್ ಹೀಟ್ ಗನ್ನು ಕೊಟ್ಟ.
"ಎಣ್ಣೆ ಗಿಣ್ಣೆ ಬಳೀಬೇಡಿ.
ಇವತ್ತು ಮದುಮಗ, ನಾಳೆ ಊರ ಧೂಳೆಲ್ಲ ನೆಂಟರು.
ಬಿಸಿ ತೋರ್ಸಿ, ಸಾಕು. ಕೈ ಆಡ್ತಾ ಇರ್ಲಿ.
ನಿಂತ್ರೆ ಕರಗತ್ತೆ."
ನಾನೂ ಇದನ್ನೇ ಹೇಳಿದ್ದು ಅದೆಷ್ಟು ಜನಕ್ಕೆ,
ಅರ್ಧ ಕನ್ನಡ ಅರ್ಧ ತೆಲುಗು:
ನಡುರಸ್ತೇಲಿ ನಿಲ್ಲಬೇಡಮ್ಮ, ಪೋನೀ, ಪೋನೀ.

ಬಂಪರಿನ ಮೇಲೆ ಅಂಗೈಯಗಲ ಬಿಸಿ ಓಡಿತು.
ಬೂದು ಬೆವೆತಂತಾಯಿತು,
ಕಪ್ಪು ಎದ್ದು ಬಂತು.
ಹಚ್ಚಿದ ಕಪ್ಪಲ್ಲ. ಒಳಗೇ ಇತ್ತಂತೆ,
ಬಿಸಿಲು ತಾಳದೆ ಕೆಳಗಿಳಿದು ಕೂತಿತ್ತಂತೆ.
ಒಂದು ಬೀಡಿ ಹಚ್ಚಿ ದೂರದಿಂದ ನೋಡಿದೆ. ಹತ್ತಿರದಿಂದ ನೋಡಿದೆ.
ಕನ್ನಡಿಯ ಕವಚ, ಬಾಗಿಲ ಪಟ್ಟಿ, ವೈಪರಿನ ಬುಡ,
ಮಧ್ಯಾಹ್ನದ ಊಟ ಮರೆತೆ.

ಬಲಬಾಗಿಲ ತುಂಬ ಬಳೆಗೀರು.
ಗುಲ್ನಾಜಳವು ಇರಬೇಕು,
ಕನ್ನಂಪಲ್ಲಿ ಕೆರೆ ಏರಿಯ ಮೇಲೆ ಎಮ್ಮೆ ಕಂಡು
ಸ್ಟೇರಿಂಗು ಬಿಟ್ಟು ಕಣ್ಣು ಮುಚ್ಚಿಕೊಂಡವಳು.
ಈಗ ಹೊಸಕೋಟೆಗೆ ಒಬ್ಬಳೇ ಓಡಿಸುತ್ತಾಳಂತೆ.

ಎಡಬಾಗಿಲು ಕೊನೆಗೆ.
ಅದು ನನ್ನ ಕಡೆ.
ಹಿಡಿಯ ಒಳಮೈ ಉಜ್ಜಿದೆ, ಕೊಳೆ ಬಿಟ್ಟಿತು.
ಕೊಳೆಯಡಿ ನಾಲ್ಕು ಕುಳಿ.
ಯಾರದಪ್ಪಾ ಅಂತ ಬೆರಳಿಟ್ಟೆ.
ಕೂತವು,
ಕಿರುಬೆರಳಿನ ಸೊಟ್ಟ ಸಮೇತ.

"ಭಯ ಬೇಡ, ನಾನಿದ್ದೀನಿ" ಎಂದು ಬಾಯಿ ಹೇಳುವಾಗೆಲ್ಲ
ಎಡಗೈ ಇಲ್ಲಿ ಕೂತು ಬೇರೇನೋ ಬರೆಯುತ್ತಿತ್ತು.
ಹೆಂಡತಿಗೆ ಗೊತ್ತಿರಲಿಲ್ಲ.
ನನಗೆ ಹೇಳಿದವರಿಲ್ಲ.

ಗನ್ನು ಹಿಡಿದು ಸುಮ್ಮನೆ ನಿಂತೆ.
ನಿಲ್ಲಬಾರದು ಅಂದಿದ್ದ ಬಾಬಾಜಾನ್.
ಆಡಿಸಿದೆ. ಒಂದೊಂದೇ ಕುಳಿ ಉಬ್ಬಿ ಮೇಲೆ ಬಂದು
ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಂಡಿತು.

ಅಶ್ವತ್ಥಮ್ಮ ಬಂದಳು, ಸುತ್ತ ಒಂದು ಸುತ್ತು ಬಂದಳು,
ಡ್ಯಾಶ್‌ಬೋರ್ಡಿನಲ್ಲಿ ಮುಖ ನೋಡಿಕೊಂಡಳು.
"ಹತ್ತಿ ಮಾಸ್ಟ್ರೇ, ಮನೆ ತನಕ ಬಿಡ್ತೀನಿ."
ಹತ್ತಿದೆ. ಎಡಗಡೆ.
ಕೈವಾರ ಕ್ರಾಸಲ್ಲಿ ಟೊಮೇಟೊ ಲಾರಿ ಎದುರು ನುಗ್ಗಿತು.
ನನ್ನ ಕಾಲು ಬ್ರೇಕು ಹುಡುಕಿತು,
ಮೊನ್ನೆ ನಾನೇ ಬಿಚ್ಚಿ ಗುಜರಿಗೆ ಹಾಕಿದ್ದ ಎರಡನೇ ಬ್ರೇಕು.
"ಭಯ ಬೇಡ ಮಾಸ್ಟ್ರೇ" ಅಂದಳು,
ರಸ್ತೆಯಿಂದ ಕಣ್ಣು ತೆಗೆಯದೆ.
ಎಡಗೈ ಆಗಲೇ ಹಿಡಿಯ ಮೇಲಿತ್ತು.
ಹೊಸ ನುಣುಪು,
ಬೆರಳು ಜಾರಿತು.